ಸಾವಿರ ಕಾಲಿಗೆ ಒಂದೇ ಜೊತೆ ಬೂಟು

ಮೊದಲು ಕಾಲು ತೊಳೆಯಬೇಕು. ಬೂಟು, ಪಟ, ಊರಿಗೆ ಕಾಗದ, ಎಲ್ಲ ಆಮೇಲೆ.

ಇಟಾಪುಂಟಾದ ಸೇನಾ ಶಿಬಿರದ ಬಾಗಿಲೆದುರು, ಲಪಾಚೊ ಮರದ ಬುಡದಲ್ಲಿ, ಞಾ ಬಾಸಿಲಿಯಾ, ಅಂದರೆ ಬಾಸಿಲಿಯವ್ವ, ಮರದ ಬಾನಿಗೆ ನೀರು ಸುರಿಯುತ್ತಿದ್ದಾಳೆ. ಮೂಡಣ ಈಗಷ್ಟೇ ಬೆಳ್ಳಗಾಗುತ್ತಿದೆ. ನದಿಯಿಂದ ಕೊಡ ಕೊಡವಾಗಿ ತಲೆಯ ಮೇಲೆ ಹೊತ್ತು ತಂದ ನೀರು. ದಂಡೆಯಿಂದ ಇಲ್ಲಿಯ ತನಕ ಏರು ದಾರಿ. ಆಕೆಗೆ ಅರವತ್ತು ದಾಟಿದೆ. ಎಷ್ಟು ದಾಟಿದೆ ಎಂಬುದು ಆಕೆಗೂ ಗೊತ್ತಿಲ್ಲ. ತುಟಿಯ ಮೂಲೆಯಲ್ಲಿ ಆರಿದ ಸುರುಟು, ಮೊಣಕಾಲಿಗೆ ಎತ್ತಿ ಕಟ್ಟಿದ ಲಂಗ. ಪಕ್ಕದಲ್ಲಿ ಸಾಬೂನಿನ ಉಂಡೆ, ಉಜ್ಜುವ ಕಲ್ಲು, ಸೂಜಿ, ಒರೆಸಲು ಒಂದು ಹರಕು ಗೋಣಿ. ಎದುರಿಗೆ ಹುಡುಗರ ಸಾಲು. ಮೈಮೇಲೆ ಸರ್ಕಾರ ಕೊಟ್ಟ ಅಂಗಿ, ಷರಾಯಿ, ಟೋಪಿ. ಕಾಲಿಗೆ ದೇವರು ಕೊಟ್ಟ ಚರ್ಮ ಬಿಟ್ಟರೆ ಬೇರೇನಿಲ್ಲ. ಶನಿವಾರದ ಹಡಗಿನಲ್ಲಿ ಇವರು ನದಿಯ ಮೇಲಕ್ಕೆ, ಚಾಕೊ ಎಂಬ ಮುಳ್ಳುಕಾಡಿನ ಯುದ್ಧಕ್ಕೆ ಹೊರಡುವವರು.

"ಏನ್ಲಾ ಇದು, ಹೊಲಾನೇ ಹೊತ್ಕೊಂಡ್ ಬಂದಿದ್ದೀಯಲ್ಲ ಕಾಲಲ್ಲಿ? ಒಂದ್ ಸಾಲು ಮರಗೆಣಸು ನೆಡಬೋದು ಇದ್ರಾಗೆ."

"ನಮ್ಮೂರ್ ಮಣ್ಣು ಕಣವ್ವ. ಬಿಡಾಕಿಲ್ಲ ಅಂತದೆ," ಎಂದು ಹುಡುಗ ನಾಚುತ್ತಾನೆ.

"ಬಿಡ್ದಿದ್ರೆ ನಾನ್ ಬಿಡಿಸ್ತೀನಿ, ಕೊಡಿಲ್ಲಿ."

ಕಲ್ಲಿನಿಂದ ಹಿಮ್ಮಡಿ ಉಜ್ಜಿ, ಬೆರಳ ಸಂದಿಗೆ ಸಾಬೂನು ಹಚ್ಚಿ, ಕಾಲನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಹೆಬ್ಬೆರಳ ಉಗುರಿನಡಿ ಪೀಕೆ ಹುಳು ಮೊಟ್ಟೆಯಿಟ್ಟಿದೆ. ಬರಿಗಾಲಲ್ಲಿ ಬೆಳೆದವರಿಗೆ ಇದು ನೆಗಡಿಯಷ್ಟು ಸಾಮಾನ್ಯ. ಸೂಜಿಯ ಮೊನೆ ಒಳಗೆ ಹೋಗುತ್ತಿದ್ದಂತೆ ಹುಡುಗ ಚೀರುತ್ತಾನೆ.

"ಅಯ್ಯೋ ನನ್ ಶೂರ! ಸೂಜಿಗೇ ಹಿಂಗ್ ಕಿರ್ಚ್ಕೊಂಡ್ರೆ ಅಲ್ಲಿಗೋಗಿ ಏನ್ಲಾ ಮಾಡ್ತೀಯ?"

ಸಾಲಿನಲ್ಲಿದ್ದವರು ಗೊಳ್ಳೆಂದು ನಗುತ್ತಾರೆ, ಮರುಗಳಿಗೆಯಲ್ಲಿ ಸುಮ್ಮನಾಗುತ್ತಾರೆ. 'ಅಲ್ಲಿ' ಎಂದರೆ ಎಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಬಾಸಿಲಿಯಾ ಹುಳುವನ್ನು ಕಿತ್ತು ತೆಗೆದು, ಗಾಯಕ್ಕೆ ಸುರುಟಿನ ಬೂದಿ ಒತ್ತಿ, ಪಕ್ಕದ ಗೋಣಿಯಡಿಯಿಂದ ಬೂಟುಗಳನ್ನು ಹೊರಗೆ ತೆಗೆಯುತ್ತಾಳೆ.

ಈ ಬೂಟುಗಳ ಕತೆ ಹೇಳದೆ ಬಾಸಿಲಿಯಾಳ ಕತೆ ಮುಂದಕ್ಕೆ ಹೋಗುವುದಿಲ್ಲ. ಮೊಣಕಾಲುದ್ದದ ಕಪ್ಪು ಚರ್ಮ, ಮುಂದಿನಿಂದ ನೋಡಿದರೆ ಕರ್ನಲ್ಲನಿಗೂ ಹೊಟ್ಟೆಕಿಚ್ಚು ಬರಬೇಕು. ಎಡಗಾಲಿನ ತುದಿಗೆ ಮಾತ್ರ ಅಡ್ಡಡ್ಡ ಹೊಲಿದ ಒಂದು ತೇಪೆ. ಹಿಂದೆ ತಿರುಗಿಸಿದರೆ ಬಣ್ಣ ಬಯಲು. ಮೇಲಿನಿಂದ ಹಿಮ್ಮಡಿಯ ತನಕ ಚಾಕುವಿನಿಂದ ಸೀಳಿದ್ದಾರೆ. ಸೀಳಿನ ಎರಡೂ ಅಂಚಿಗೆ ತೂತು, ತೂತಿಗೆ ಹುರಿ. ತೆಳ್ಳಗಿನ ಕಾಲಾದರೆ ಹುರಿ ಬಿಗಿ, ದಪ್ಪ ಕಾಲಾದರೆ ಸಡಿಲ. ಅಡಿಯ ತೊಗಲು ಎಂದೋ ಸವೆದು ಹೋಗಿದೆ, ಒಳಗೆ ರಟ್ಟು ಹಾಕಿದೆ. ಹತ್ತು ಹೆಜ್ಜೆ ನಡೆದರೆ ಬಿಚ್ಚಿಕೊಳ್ಳುತ್ತದೆ. ನಡೆಯುವುದಕ್ಕಲ್ಲವಲ್ಲ ಇದು, ಪಟಕ್ಕೆ. ಗೋಡೆಗೆ ಬೆನ್ನು ಕೊಟ್ಟು ನಿಂತರೆ ಸೀಳು ಯಾರಿಗೂ ಕಾಣುವುದಿಲ್ಲ.

"ಅಲುಗಾಡ್ಬೇಡ! ಉಸ್ರೂ ಬಿಡ್ಬೇಡ!" ಎಂದು ಕೂಗುತ್ತಾನೆ ದೋನ್ ಎಲಾದಿಯೋ, ಕರಿಬಟ್ಟೆಯೊಳಗಿಂದ. ಮೂರು ಕಾಲಿನ ಪೆಟ್ಟಿಗೆ ಕ್ಯಾಮೆರಾದ ಒಡೆಯ ಅವನೇ. ಪೆಟ್ಟಿಗೆಯೊಳಗೇ ಪಟ ಮಾಡಿ, ಬಕೆಟ್ಟಿನ ನೀರಿನಲ್ಲಿ ಅದ್ದಿ, ಒಣಗುವ ಮೊದಲೇ ಕೈಗೆ ಕೊಡುತ್ತಾನೆ. ಪ್ರತಿ ಪಟದ ಅಂಚಿನಲ್ಲೂ ಅವನ ಮುದ್ರೆಯಿರುತ್ತದೆ. ನದಿಯ ಎರಡೂ ದಂಡೆಯ ಹಳ್ಳಿಗಳಲ್ಲಿ, ಗೋಡೆಯ ಮೇಲೆ ಕನ್ಯೆ ಮರಿಯಳ ಪಕ್ಕದಲ್ಲಿ ಅವನ ಹೆಸರು ತೂಗುತ್ತಿದೆ. ಕಾಲು ತೊಳೆದವಳ ಹೆಸರು ಯಾವ ಪಟದ ಮೇಲೂ ಇಲ್ಲ. ಸಾಧಾರಣ ದಿನಕ್ಕೆ ಮೂವತ್ತು ನಲವತ್ತು ಜೊತೆ ಕಾಲು ಆಕೆಯ ಬಾನಿಗೆ ಇಳಿಯುತ್ತವೆ; ಹಡಗು ಹೊರಡುವ ಹಿಂದಿನ ದಿನ ಲೆಕ್ಕ ಸಿಗುವುದಿಲ್ಲ.

ಯುದ್ಧಕ್ಕೆ ಮೊದಲು ಬಾಸಿಲಿಯಾ ನದಿಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗಂಡ ಮರದ ದಿಮ್ಮಿಗಳ ತೆಪ್ಪ ನಡೆಸುವವನು, ಒಂದು ಮಳೆಗಾಲ ತೆಪ್ಪ ಮಾತ್ರ ದಡಕ್ಕೆ ಬಂತು. ಮಕ್ಕಳಿಲ್ಲ. ಹಡಗಿನ ಕಪ್ತಾನನೊಬ್ಬ ಮೂಟೆ ಬಟ್ಟೆಯ ಜೊತೆಗೆ ಕೆಸರಾದ ಬೂಟನ್ನೂ ಕೊಟ್ಟು ಹೋದ; ಬಟ್ಟೆ ಒಣಗಿತು, ಮಡಿಸಿದ್ದಾಯಿತು, ಕಪ್ತಾನ ಮತ್ತೆ ಬರಲೇ ಇಲ್ಲ. ವರ್ಷಗಟ್ಟಲೆ ಅವು ಅಟ್ಟದ ಮೇಲೆ ಇಲಿಗೆ ಮನೆಯಾಗಿದ್ದವು. ಯುದ್ಧ ಶುರುವಾಗಿ ಹುಡುಗರು ಶಿಬಿರಕ್ಕೆ ಬಂದಾಗ, ಎಲಾದಿಯೋ ಅವರ ಪಟವನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೆಗೆಯುತ್ತಿದ್ದ. ಹುಡುಗರ ಮುಖ ಬಾಡುತ್ತಿತ್ತು.

"ಪಟ ಇಸ್ಕೊಂಡು ಕೆಳಗೆ ನೋಡೋವು, ಕಾಲಿಲ್ವಲ್ಲ ಅಂತ," ಎನ್ನುತ್ತಾಳೆ ಬಾಸಿಲಿಯಾ. "ಹುಟ್ಟಿದಾಗಿಂದ ಬೂಟು ಅಂದ್ರೆ ಜಮೀನ್ದಾರನ ಕಾಲಲ್ಲಿ ನೋಡಿರೋ ಮಕ್ಳು. ಸಿಪಾಯಿ ಆದ್ಮ್ಯಾಕೆ ನಂಗೂ ಸಿಕ್ತು ಅಂತ ಅವ್ವಂಗೆ ತೋರಿಸ್ಬೇಕು ಅಂತ ಆಸೆ ಇರಾಕಿಲ್ವಾ? ಅದ್ಕೇ ಬೂಟು ತಂದೆ. ಯಾರ್ ಕಾಲಿಗೂ ಹಿಡೀಲಿಲ್ಲ. ಚಾಕು ತಗಂಡು ಕುಯ್ದೆ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಎಲಾದಿಯೋ ಮೊದಮೊದಲು ಅಣಕಿಸಿದ. ಆಮೇಲೆ ಸಾಲು ಉದ್ದವಾದದ್ದನ್ನು ಕಂಡು ಬಾಯಿ ಮುಚ್ಚಿಕೊಂಡ. ಶಿಬಿರದ ಸಾರ್ಜೆಂಟನಿಗೂ ಇದು ಹಿಡಿಸಿತು. ಬೂಟು ಹಾಕಿದ ಪಟ ಮಾತ್ರ ಊರಿಗೆ ಹೋಗಬೇಕು, ಬರಿಗಾಲು ಕಂಡರೆ ಸೈನ್ಯದ ಮಾನ ಏನಾಗಬೇಡ, ಹಾಗೇನಾದರೂ ಆದರೆ ನಿಮ್ಮ ಪೆಟ್ಟಿಗೆ ಗಂಟು ಕಟ್ಟಿಕೊಂಡು ನಡೆಯಿರಿ ಎಂದು ಅಪ್ಪಣೆ ಮಾಡಿದ. ಮಾನ ಉಳಿಸಿಕೊಳ್ಳುವುದಕ್ಕೆ ಒಂದು ಜೊತೆ ಬೂಟು ಸಾಕೆಂದು ಸೈನ್ಯಕ್ಕೆ ಹೊಳೆದದ್ದು ಹೀಗೆ.

ಪಟದ ಹಿಂದೆ ಎಲಾದಿಯೋ ಪೆನ್ಸಿಲ್ಲಿನಲ್ಲಿ ಎರಡು ಸಾಲು ಬರೆದು ಕೊಡುತ್ತಾನೆ. ಹುಡುಗರು ಹೇಳುವುದು ಸುಮಾರಾಗಿ ಒಂದೇ: 'ಅವ್ವಾ, ನಾನು ಚೆನ್ನಾಗಿದ್ದೇನೆ. ಒಳ್ಳೆಯ ಬೂಟು ಕೊಟ್ಟಿದ್ದಾರೆ.' ಚಾಕೊಗೆ ಹೋದ ಮೇಲೂ ಕಾಗದದಲ್ಲಿ ಅದೇ ರಾಗ. ನೀರು ಸಿಗುತ್ತದೆ, ಊಟ ಆಗುತ್ತದೆ, ಜ್ವರ ಬಿಟ್ಟಿದೆ. ಊರಿನಿಂದ ತಾಯಂದಿರು ಬರೆಸುವುದೂ ಅಷ್ಟೇ: 'ಹಸು ಚೆನ್ನಾಗಿದೆ', ಅದನ್ನು ಮಾರಿ ಆಗಲೇ ತಿಂಗಳಾಗಿರುತ್ತದೆ; 'ಅಪ್ಪ ಗಟ್ಟಿಯಾಗಿದ್ದಾನೆ', ಅವನು ಹಾಸಿಗೆ ಹಿಡಿದು ಆಗಲೇ ವರ್ಷ. ಅತ್ತಲಿಂದಲೂ ಸುಳ್ಳು, ಇತ್ತಲಿಂದಲೂ ಸುಳ್ಳು. ಪ್ರೀತಿ ಇಲ್ಲದಿದ್ದರೆ ಯಾರೂ ಇಷ್ಟು ಕಷ್ಟಪಟ್ಟು ಸುಳ್ಳು ಹೇಳುವುದಿಲ್ಲ ಎಂಬುದೂ ನಿಜವೇ. ಈ ಬೂಟುಗಳಿಂದ ಯಾರಿಗೂ ಕೇಡಾಗಿಲ್ಲ ಎಂದೇ ಬಾಸಿಲಿಯಾ ತಿಳಿದಿದ್ದಳು.

ಎರಡು ತಿಂಗಳ ಹಿಂದೆ ಒಂದು ಗುರುವಾರ ಞಾ ತೋಮಾಸಾ ಬಂದಳು.

ಒಳನಾಡಿನ ಹಳ್ಳಿಯವಳು, ಎರಡು ದಿನ ನಡೆದು ಬಂದವಳು. ತಲೆಯ ಮೇಲೆ ಚಿಪಾ ರೊಟ್ಟಿಯ ಬುಟ್ಟಿ, ಸೊಂಟದಲ್ಲಿ ಬಟ್ಟೆಯ ಗಂಟು. ಗಂಟಿನಲ್ಲಿ ಅವಳ ದೊಡ್ಡ ಮಗ ಸಿಲ್ವೆರಿಯೋನ ಪಟ, ಅವನ ಮೂರು ಕಾಗದ. ಸಿಲ್ವೆರಿಯೋ ಸತ್ತು ನಾಲ್ಕು ತಿಂಗಳಾಗಿತ್ತು. ಸರ್ಕಾರದ ಒಂದು ಚೀಟಿ, ಒಂದು ಚಮಚ, ಅವ್ವ ಬರೆಸಿದ ಕಾಗದಗಳ ಕಟ್ಟು ಮನೆಗೆ ಬಂದಿದ್ದವು. ಬೂಟು ಬಂದಿರಲಿಲ್ಲ. ಈಗ ಚಿಕ್ಕವನಿಗೆ, ಹದಿನೇಳರ ಗಾಬಿನೋನಿಗೆ ಕರೆ ಬಂದು ಅವನು ಇದೇ ಶಿಬಿರದಲ್ಲಿದ್ದ. ಆ ಶನಿವಾರದ ಹಡಗಿಗೇ ಅವನ ಹೆಸರಿತ್ತು. ಅಣ್ಣನ ಬೂಟನ್ನು ಇಸಿದುಕೊಂಡು ತಮ್ಮನ ಕಾಲಿಗೆ ಹಾಕಿಯೇ ಹಡಗು ಹತ್ತಿಸುತ್ತೇನೆ ಎಂದು ತೋಮಾಸಾ ಹೊರಟು ಬಂದಿದ್ದಳು.

ಬಾಗಿಲಲ್ಲಿ ಸಾರ್ಜೆಂಟನಿಗೆ ಪಟ ತೋರಿಸಿ ಕೇಳಿದಳು. ಅವನು ಮೀಸೆಯಡಿ ನಕ್ಕು, ಮರದ ಕಡೆ ಗದ್ದ ಎತ್ತಿದ. "ಅಲ್ಲಿ ಕೇಳು, ಅಲ್ಲೇ ಅವೆ ನಿನ್ ಬೂಟು."

ತೋಮಾಸಾ ತಿರುಗಿ ನೋಡಿದಳು. ಗೋಡೆಗೆ ಬೆನ್ನು ಕೊಟ್ಟು ಒಬ್ಬ ಹುಡುಗ ಎದೆಯುಬ್ಬಿಸಿ ನಿಂತಿದ್ದ. ಅವನ ಕಾಲಲ್ಲಿ ಬೂಟು. ಎಡಗಾಲ ತುದಿಯಲ್ಲಿ ಅಡ್ಡಡ್ಡ ತೇಪೆ. ಪಟದಲ್ಲಿದ್ದ ಆ ತೇಪೆಯ ಮೇಲೆ ಅವಳು ಎಷ್ಟು ಸಲ ಬೆರಳಾಡಿಸಿದ್ದಳೋ. ಬುಟ್ಟಿ ನೆಲಕ್ಕೆ ಬಿತ್ತು, ಚಿಪಾಗಳು ಮಣ್ಣಿಗುರುಳಿದವು.

"ಕಳ್ಳಾ! ಸತ್ತೋನ್ ಕಾಲಿಂದ ಬಿಚ್ಕೊಂಡ್ ಬಂದ್ಯೇನೋ? ನಿಂಗ್ ತಾಯಿಲ್ವೇನೋ? ಬಿಚ್ಚೋ ಬೂಟ್ನ!"

ಹುಡುಗ ಏನೆಂದು ತಿಳಿಯುವ ಮೊದಲೇ ಅವಳು ಅವನ ಕಾಲು ಹಿಡಿದು ಎಳೆದಳು, ಅವನು ಕುಂಡೆಯೂರಿ ಬಿದ್ದ. "ನಾನಲ್ಲವ್ವ, ನಂಗೇನ್ ಗೊತ್ತಿಲ್ಲವ್ವ" ಎಂದು ಬಡಬಡಿಸಿದ. ಹುರಿ ಪಟ್ಟೆಂದು ಹರಿಯಿತು. ಬೂಟು ಬಾಳೆಹಣ್ಣಿನ ಸಿಪ್ಪೆಯಂತೆ ಬಿಚ್ಚಿಕೊಂಡು ಅವಳ ಕೈಗೆ ಬಂತು. ಅವಳು ಅದನ್ನು ತಿರುಗಿಸಿ ನೋಡಿದಳು. ಸೀಳು ನೋಡಿದಳು, ತೂತು ನೋಡಿದಳು, ಒಳಗೆ ಕೈ ಹಾಕಿ ರಟ್ಟನ್ನು ಹೊರಗೆಳೆದಳು.

"ಯಾರು ಕುಯ್ದೋರು ಇದ್ನ?"

"ನಾನೇ," ಎಂದಳು ಬಾಸಿಲಿಯಾ.

"ಯಾವಾಗ?"

ಒಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು ಎಂದು ಬಾಸಿಲಿಯಾ ಈಗ ಹೇಳುತ್ತಾಳೆ. ಇವು ಬೇರೆ, ನಿನ್ನ ಮಗನವು ಅಲ್ಲೇ ಚಾಕೊದಲ್ಲಿವೆ ಅಂದುಬಿಟ್ಟಿದ್ದರೆ ಆ ತಾಯಿ ಅತ್ತು ಸುಮ್ಮನಾಗುತ್ತಿದ್ದಳೇನೋ. ಸುಮ್ಮನಾಗದೆ ಗಾಬಿನೋನಿಗೆ 'ಅಲ್ಲಿ ಹೋಗಿ ಹುಡುಕು' ಎಂದಿದ್ದರೆ? ಆ ಹುಡುಗ ಸತ್ತವರ ಕಾಲುಗಳನ್ನು ನೋಡುತ್ತ ಅಲೆಯಬೇಕಿತ್ತು.

"ಬಾಳ ದಿನ ಆಯ್ತು ಕಣವ್ವ. ನಿನ್ ಮಗ ಇಲ್ಲಿಗ್ ಬರಾಕ್ ಮುಂಚೆ. ಎಲ್ರಿಗೂ ಇದೇ ಒಂದ್ ಜೊತೆ. ಪಟ ತೆಗೆಯೋ ಗಂಟ ಅಷ್ಟೇಯ."

"ಅಂಗಾರೆ ನನ್ ಸಿಲ್ವೆರಿಯೋ ಬರಿಗಾಲಲ್ಲಿ ಹೋದ್ನಾ?"

"ಎಲ್ಲಾರೂ ಅಂಗೇ ಹೋಗೋದು."

"ಆ ಮುಳ್ಳಿನ್ ಮ್ಯಾಲೆ?"

ತೋಮಾಸಾ ಬೂಟನ್ನು ಎತ್ತಿ ಬಾಸಿಲಿಯಾಳ ಮುಖಕ್ಕೇ ಎಸೆದಳು. ಕೆನ್ನೆಗೆ ತಗುಲಿತು, ಆ ಗುರುತು ಇನ್ನೂ ಇದೆ. "ನನ್ ಕಣ್ಣಿಗೆ ಮಣ್ಣೆರಚ್ದಲ್ಲೇ ಪಾಪಿ! ನನ್ ಮಗಂಗೆ ಬೂಟೈತೆ, ನನ್ ಮಗಂಗೆ ಬೂಟೈತೆ ಅಂತ ಊರೆಲ್ಲ ತೋರಿಸ್ಕೊಂಡ್ ಬಂದೆ. ಪಕ್ಕದ್ಮನೆಯೋಳು ಮಗಂಗೆ ಇಲ್ಲ ಅಂತ ಅತ್ರೆ ಒಳಗೊಳಗೇ ನಕ್ಕೆ. ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ. ಹೆತ್ತೋಳಲ್ಲ ಅಂತ ಕಾಣ್ತದೆ, ಕಂಡೋರ್ ಮಕ್ಳಿಗೆ ವೇಷ ಕಟ್ತೀಯ."

ಈ ಮಾತಿಗೆ ಎದುರಾಡುವುದು ಬಾಸಿಲಿಯಾಳಿಗೆ ಗೊತ್ತಿತ್ತು. ದಂಡೆಯ ಒಗೆಯುವ ಹೆಂಗಸರ ಬಾಯಿ ಇಟಾಪುಂಟಾದಲ್ಲಿ ಹೆಸರಾದದ್ದು. ಅಂದು ಆಕೆ ಕೆನ್ನೆಯನ್ನಷ್ಟೇ ಒರೆಸಿಕೊಂಡಳು.

ತೋಮಾಸಾ ಗಂಟು ಬಿಚ್ಚಿ ಮಗನ ಕಾಗದಗಳನ್ನು ಎಲಾದಿಯೋನ ಕೈಗೆ ತುರುಕಿದಳು. "ನಮ್ಮೂರ್ ಇಸ್ಕೂಲಮ್ಮ ತಪ್ಪ್ ಓದಿರ್ಬೇಕು. ನೀನ್ ಓದು."

ಎಲಾದಿಯೋ ಕನ್ನಡಕ ಏರಿಸಿ ಓದಿದ. ಮೊದಲನೆಯದರಲ್ಲಿ: 'ಬೂಟು ಹೊಸದಲ್ವಾ ಅವ್ವಾ, ಬೆರಳು ಕಚ್ತವೆ. ಪಳಗ್ತವೆ ಬಿಡು.' ಎರಡನೆಯದರಲ್ಲಿ: 'ಬೂಟು ಒರೆಸಿ ಎತ್ತಿಟ್ಟಿದ್ದೀನಿ. ಇಲ್ಲಿ ಧೂಳು ಜಾಸ್ತಿ, ಹಾಳಾಗ್ತವೆ.' ಕೊನೆಯದರಲ್ಲಿ: 'ನಾನು ಬರೋದು ತಡ ಆದ್ರೆ ಬೂಟು ಗಾಬಿನೋಗೆ ಕೊಡು. ಅವನ ಕಾಲು ಇಷ್ಟೊತ್ತಿಗೆ ನನ್ನಷ್ಟಾಗಿರುತ್ತೆ.' ಇಸ್ಕೂಲಮ್ಮ ಒಂದಕ್ಷರವನ್ನೂ ತಪ್ಪು ಓದಿರಲಿಲ್ಲ.

ತೋಮಾಸಾ ಮಣ್ಣಿನಲ್ಲೇ ಕೂತಳು. ಅಳುತ್ತಾಳೆ ಎಂದುಕೊಂಡರೆ, ಮೂಗಿನಿಂದ ಒಂದು ನಗು ಹೊರಟಿತು. "ಚಿಕ್ಕಂದಿಂದ್ಲೂ ಅಂಗೇ ಆ ನನ್ಮಗ. ಒಂದ್ ಸುಳ್ಳೇಳಿದ್ರೆ ಮುಗೀತು, ಕೊನೇ ಗಂಟ ಎಳೀತಿದ್ದ. ಬೆಲ್ಲ ಕದ್ದು ಇರುವೆ ತಿಂದ್ವು ಅಂದ್ರೆ, ಇರುವೆ ಹಿಡ್ಕೊಂಡ್ ಬಂದು ಅದ್ರ್ ಬಾಯ್ ನೋಡವ್ವ ಅಂತಿದ್ದ." ಆಮೇಲೆ ಅತ್ತಳು. ಸಾಲಿನಲ್ಲಿದ್ದ ಹುಡುಗರು ಉರುಳಿದ ಚಿಪಾಗಳನ್ನು ಹೆಕ್ಕಿ, ಅಂಗಿಗೆ ಒರೆಸಿ ಬುಟ್ಟಿಗೆ ಹಾಕಿದರು. ಯಾರೂ ಒಂದನ್ನೂ ಬಾಯಿಗಿಡಲಿಲ್ಲ.

ಎಷ್ಟೋ ಹೊತ್ತಿಗೆ ತಲೆಯೆತ್ತಿ ತೋಮಾಸಾ ಕೇಳಿದಳು. "ಕಾಲ್ ತೊಳೆಯೋಳು ನೀನೇ ಅಲ್ವಾ? ಅವ್ನಿಗೆ ಎಡಗಾಲ್ ಕಿರುಬೆರಳು ಇರ್ಲಿಲ್ಲ. ಏಳ್ ವರ್ಷದಲ್ಲಿ ಸೌದೆ ಸೀಳೋವಾಗ ಕೊಡ್ಲಿ ಬಿದ್ದಿತ್ತು. ಜ್ಞಾಪಕ ಐತಾ?"

ಹೂಂ ಎಂದಿದ್ದರೆ ಬಾಸಿಲಿಯಾಳ ಗಂಟೇನು ಹೋಗುತ್ತಿತ್ತು? ಸಾವಿರ ಕಾಲು ತೊಳೆದವಳಿಗೆ ಒಂದು ಕಿರುಬೆರಳು ನೆನಪಿದೆ ಎಂದರೆ ಆ ತಾಯಿಯ ಹೊಟ್ಟೆ ತಣ್ಣಗಾಗುತ್ತಿತ್ತು. ಬಾಸಿಲಿಯಾ ಕಣ್ಣು ಮುಚ್ಚಿ ಹುಡುಕಿದಳು. ಬೆರಳಿಲ್ಲದ ಕಾಲುಗಳು ಎಷ್ಟೋ ಬಂದಿದ್ದವು. ಕೊಡಲಿ, ಕಬ್ಬಿನ ಕತ್ತಿ, ಹಾವು ಕಚ್ಚಿದ್ದಕ್ಕೆ ಕತ್ತರಿಸಿದ್ದು. ಯಾವುದು ಸಿಲ್ವೆರಿಯೋನದು?

"ಇಲ್ಲ ಕಣವ್ವ," ಎಂದಳು. "ತೊಳ್ದಿರೋದು ನಿಜ. ಜ್ಞಾಪಕ ಇಲ್ಲ."

ಆ ಹೊತ್ತಿಗೆ ಸರಿಯಾಗಿ ಶಿಬಿರದ ಬಾಗಿಲಿಂದ ಗಾಬಿನೋ ಓಡಿ ಬಂದ. ಅವ್ವನನ್ನು ತಬ್ಬಿದ, ಏನಾಯಿತೆಂದು ಕೇಳಿದ, ಕೇಳಿ ತಲೆ ತಗ್ಗಿಸಿದ. ಅವನಿಗೆ ಗೊತ್ತಿತ್ತು. ಶಿಬಿರದ ಒಳಗಿರುವವರಿಗೆಲ್ಲ ಗೊತ್ತು. ನೆಲ ನೋಡುತ್ತ, "ನಂಗೂ ಒಂದ್ ಪಟ ಬೇಕವ್ವ. ಅಣ್ಣನ್ ತರಾನೇ, ಬೂಟ್ ಹಾಕ್ಕೊಂಡು. ಎರಡ್ನೂ ಪಕ್ಕಪಕ್ಕ ಹಾಕ್ಬೋದು," ಎಂದ.

ತೋಮಾಸಾ ಮಗನ ತೋಳು ಹಿಡಿದು ಕರೆತಂದು ಮರದ ಕಟ್ಟೆಯ ಮೇಲೆ ಕೂರಿಸಿದಳು. ಬಾಸಿಲಿಯಾಳ ಕೈಯಿಂದ ಸಾಬೂನು ಕಿತ್ತುಕೊಂಡಳು. ತಾನೇ ಬಾನಿಯ ಮುಂದೆ ಕೂತು ಅವನ ಕಾಲು ತೊಳೆದಳು. ಒಂದೊಂದು ಬೆರಳನ್ನೂ ಬೇರೆ ಬೇರೆ ಮಾಡಿ, ಉಗುರು, ಹಿಮ್ಮಡಿಯ ಬಿರುಕು, ಅಂಗಾಲ ಮಚ್ಚೆ, ಎಲ್ಲವನ್ನೂ ನೋಡಿ ನೋಡಿ ತೊಳೆದಳು. ಹದಿನೇಳರ ಹುಡುಗ ಗೆಳೆಯರ ಎದುರು ನಾಚಿಕೆಯಿಂದ ಕಾಲೆಳೆದುಕೊಳ್ಳಲು ಹೋದ. ಮೊಣಕಾಲ ಮೇಲೆ ಒಂದೇಟು ಬಿತ್ತು. ಆಮೇಲೆ ಅವಳು ಎಲಾದಿಯೋನ ಕಡೆ ತಿರುಗಿದಳು.

"ಹಿಂಗೇ ತೆಗಿ. ಕಾಲ್ ಕಾಣ್ಬೇಕು."

"ಆಗಾಕಿಲ್ಲ ತಾಯಿ," ಎಂದ ಎಲಾದಿಯೋ, ಬಾಗಿಲ ಕಡೆ ಕಣ್ಣು ಹಾಯಿಸಿ. "ಸಾರ್ಜೆಂಟ್ ಇಲ್ಲಿಂದ ಎಬ್ಬಿಸ್ತಾನೆ. ಬೂಟು ಇಲ್ದೆ ತೆಗೆಯಂಗಿಲ್ಲ."

"ದೊಡ್ಡೋನ್ ಪಟದಾಗೆ ಅವ್ನ್ ಕಾಲಿಲ್ಲ, ಯಾವನ್ದೋ ಬೂಟೈತೆ. ತೊಳ್ದೋಳ್ಗೂ ಜ್ಞಾಪಕ ಇಲ್ಲ. ನಾಳೆ ಇವ್ನ್ ಕಾಲು ನಾನ್ ಎಲ್ ನೋಡ್ಲಿ? ತೆಗಿ ಅಂದೆ."

ಎಲಾದಿಯೋ ಬಾಸಿಲಿಯಾಳ ಮುಖ ನೋಡಿದ. ಗಾಬಿನೋ ಬೂಟನ್ನು ನೋಡುತ್ತಿದ್ದ. ಬಾಗಿಲ ಕಡೆಯಿಂದ ಸಾರ್ಜೆಂಟನೂ ಇತ್ತಲೇ ಬರುತ್ತಿದ್ದ. ಬಾಸಿಲಿಯಾ ಎದ್ದಳು. ಎರಡೂ ಬೂಟುಗಳನ್ನು ಎತ್ತಿ, ಯಾರೂ ತಡೆಯುವ ಮೊದಲೇ, ಬಾನಿಯ ಕೆಮ್ಮಣ್ಣಿನ ನೀರಿಗೆ ಹಾಕಿ, ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. ಗುಳುಗುಳು ಎಂದು ಗುಳ್ಳೆ ಬಂದವು. ರಟ್ಟು ತೇಲಿತು.

"ಏನೇ ಮುದ್ಕಿ, ಏನ್ ಮಾಡ್ದೆ?" ಎಂದು ಸಾರ್ಜೆಂಟ್ ಗದರಿದ.

"ಕೈ ಜಾರಿ ಬಿದ್ದೋದ್ವು ಸ್ವಾಮಿ. ಒದ್ದೆ ಬೂಟು ಹಾಕ್ದ್ರೆ ಹುಡುಗ್ರಿಗೆ ನೆಗಡಿ ಆಗ್ತದೆ. ಯುದ್ಧಕ್ಕೆ ಹೋಗೋ ಮಕ್ಳು, ನೆಗಡಿ ಆಗ್ಬಾರ್ದಲ್ವಾ?"

ಸಾಲು ನಕ್ಕಿತು. ಸಾರ್ಜೆಂಟ್ ಬಾಯಿಗೆ ಬಂದದ್ದನ್ನೆಲ್ಲ ಬೈದ. ಅವನಿನ್ನೂ ಬಾನಿಯತ್ತ ಬಗ್ಗಿ ಬೈಯುತ್ತಿರುವಾಗಲೇ, ಅವನ ಬೆನ್ನ ಹಿಂದೆ, ಎಲಾದಿಯೋ ಕರಿಬಟ್ಟೆಯೊಳಗೆ ತಲೆ ಹಾಕಿದ್ದ. ಕ್ಯಾಮೆರಾದ ಮುಂದೆ ಗಾಬಿನೋ ನಿಂತಿದ್ದ, ಹತ್ತೂ ಬೆರಳು ಕೆಂಪು ನೆಲದ ಮೇಲೆ ಹರಡಿಕೊಂಡು, ಕಾಲಿನ್ನೂ ಒದ್ದೆ.

ಅಂದು ಬಾಸಿಲಿಯಾ ಇಷ್ಟಕ್ಕೆ ತೆತ್ತದ್ದು ಕಡಿಮೆಯೇನಲ್ಲ. ಬೂಟು ಒಣಗಿ ಕಟ್ಟಿಗೆಯಾಯಿತು, ಮಡಿಕೆಯ ಜಾಗದಲ್ಲೆಲ್ಲ ಬಿರಿಯಿತು. ದನದ ಕೊಬ್ಬು ತಿಕ್ಕಿ ತಿಕ್ಕಿ ಮೆತ್ತಗಾಗಿಸುವ ತನಕ ವಾರವೊಪ್ಪತ್ತು ಕೆಲಸವಿಲ್ಲ, ಒಲೆ ಉರಿದದ್ದು ಅಕ್ಕಪಕ್ಕದವರು ಕೊಟ್ಟ ಮರಗೆಣಸಿನಿಂದ. ಶನಿವಾರದ ಹಡಗು ಪಟ ಇಲ್ಲದ ಎಷ್ಟೋ ಹುಡುಗರನ್ನು ಹೊತ್ತು ಹೋಯಿತು. ಆ ಕೊರಗು ಆಕೆಗೆ ಹೋಗಿಲ್ಲ. "ಒಬ್ಳು ತಾಯಿಗೋಸ್ಕರ ಅಷ್ಟೂ ಜನ ತಾಯಂದ್ರಿಗೆ ಪಟ ಇಲ್ದಂಗೆ ಮಾಡ್ದೆ. ಅವ್ರ್ ಶಾಪಾನೂ ನಂಗೇ," ಎನ್ನುತ್ತಾಳೆ. ಇದಕ್ಕೆ ಸಮಾಧಾನ ಹೇಳಲು ಹೋದರೆ ಕೈಯಾಡಿಸಿ ಬೇಡವೆನ್ನುತ್ತಾಳೆ.

ಈಗ ಮತ್ತೆ ಬೂಟು ಎದ್ದಿವೆ, ಮತ್ತೆ ಸಾಲು. ಒಂದು ವ್ಯತ್ಯಾಸ ಮಾತ್ರ ಇದೆ. ಹುರಿ ಬಿಗಿಯುವ ಮೊದಲು ಬಾಸಿಲಿಯಾ ಪ್ರತಿಯೊಬ್ಬನನ್ನೂ ಕೇಳುತ್ತಾಳೆ: "ಇವು ನಿನ್ವಲ್ಲ ಅಂತ ನಿಮ್ಮವ್ವಂಗ್ ಬರೀತೀಯೇನ್ಲಾ?" ಹೂಂ ಎನ್ನುತ್ತಾರೆ. ಪಟದ ಹಿಂದೆ ಬರೆಸುವಾಗ ಹೇಳುವುದು ಮಾತ್ರ ಹಳೆಯದೇ. ಒಳ್ಳೆಯ ಬೂಟು ಕೊಟ್ಟಿದ್ದಾರೆ. ಎಲಾದಿಯೋ ಬರೆದುಕೊಡುತ್ತಾನೆ, ಬಾಸಿಲಿಯಾ ನಿಟ್ಟುಸಿರು ಬಿಟ್ಟು ಮುಂದಿನ ಕಾಲಿಗೆ ಕೈ ಚಾಚುತ್ತಾಳೆ. ಕ್ಷಾರದ ಸಾಬೂನಿಗೆ ಆಕೆಯ ಬೆರಳ ಗೆಣ್ಣುಗಳು ಒಡೆದಿವೆ. ನೀರಿನಲ್ಲಿರುವ ಕೆಂಪು ಮಣ್ಣಿನದೋ ಗೆಣ್ಣಿನದೋ ಹೇಳಲಾಗದು.

ಹೋದ ವಾರ ತೋಮಾಸಾ ಮತ್ತೆ ಬಂದಿದ್ದಳು, ಎರಡು ದಿನ ನಡೆದು. ಬಾಸಿಲಿಯಾ ಕೆನ್ನೆಗೆ ಕೈ ಅಡ್ಡ ಹಿಡಿದಳಂತೆ. ತೋಮಾಸಾ ಬುಟ್ಟಿ ಇಳಿಸಿ, ಚಿಪಾ ತೆಗೆದು ಅವಳ ಕೈಗಿಟ್ಟು, ಎಲಾದಿಯೋನಿಗೆ ಒಂದು ಕಾಗದ ಕೊಟ್ಟಳು. "ಇಸ್ಕೂಲಮ್ಮ ಓದವ್ಳೆ. ಆದ್ರೂ ಈ ಮುದ್ಕಿ ಎದ್ರಿಗೆ ನೀನೊಂದ್ಸಲ ಓದು."

ಗಾಬಿನೋನ ಕಾಗದ. ಜಾಗದ ಹೆಸರಿನ ಮೇಲೆ ಸರ್ಕಾರದ ಕಪ್ಪು ಗೀಟು. ಮಿಕ್ಕದ್ದು ಇಷ್ಟೇ: 'ಅವ್ವಾ, ಬೂಟು ಕೊಟ್ಟಿಲ್ಲ. ಮುಳ್ಳು ಜಾಸ್ತಿ. ಬಲಗಾಲು ಕೀವಾಗಿದೆ. ನಿನ್ನೆ ನೀರು ಬರಲಿಲ್ಲ. ರಾತ್ರಿ ಹೆದರಿಕೆ ಆಗುತ್ತೆ. ಬದುಕಿದ್ದೀನಿ.'

ಎಲಾದಿಯೋ ಓದಿ ಮುಗಿಸಿ ಕನ್ನಡಕ ತೆಗೆದ. ತೋಮಾಸಾ ಕಾಗದವನ್ನು ಇಸಿದುಕೊಂಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. "ಇಷ್ಟೂ ದಿನಕ್ಕೆ ಮನೆಗ್ ಬಂದಿರೋ ದಿಟದ್ ಕಾಗದ ಅಂದ್ರೆ ಇದೊಂದೇಯ," ಎಂದಳು. ನಂತರ ಇಬ್ಬರು ಹೆಂಗಸರೂ ಮರದಡಿ ಕೂತು ಯೆರ್ಬಾ ಎಲೆಯ ಕಷಾಯವನ್ನು ಒಂದೇ ಸೋರೆ ಬುರುಡೆಯಿಂದ ಸರದಿಯಲ್ಲಿ ಕುಡಿದರು.

ಬಿಸಿಲೇರುತ್ತಿದೆ. ಕೊನೆಯ ಹುಡುಗನ ಪಟವೂ ಆಗಿ, ಬೂಟು ಗೋಣಿಯಡಿಗೆ ಸೇರಿದೆ. ಬಾಸಿಲಿಯಾ ಬಾನಿಯ ನೀರನ್ನು ಮರದ ಬುಡಕ್ಕೆ ಚೆಲ್ಲುತ್ತಾಳೆ, ಸುರುಟಿಗೆ ಕೆಂಡ ಹಿಡಿಯುತ್ತಾಳೆ. ನಿನಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಮೊದಲು ನಗುತ್ತಾಳೆ. ಈ ವಯಸ್ಸಿಗೆ ಆಸೆ ಕೇಳೋರೂ ಒಬ್ಬರು ಬಂದರಲ್ಲ ಎಂದು ಎಲಾದಿಯೋನ ಕಡೆ ಕಣ್ಣು ಮಿಟುಕಿಸುತ್ತಾಳೆ. ಆಮೇಲೆ ನದಿಯ ಕಡೆ, ಹಡಗು ಹೋಗುವ ದಿಕ್ಕಿಗೆ ನೋಡುತ್ತಾಳೆ.

"ಇಷ್ಟ್ ಕಾಲು ತೊಳ್ದೆನಲ್ಲ, ಎಲ್ಲಾ ಹೋಗೋ ಕಾಲೇ. ಬಂದಿರೋ ಕಾಲು ಒಂದೂ ತೊಳ್ದಿಲ್ಲ. ಒಂದಾದ್ರೂ ಬರ್ಲಿ. ಕೀವಾಗಿರ್ಲಿ, ಬೆರಳಿಲ್ದಿರ್ಲಿ, ಬಂದು ಈ ಬಾನಿಗಿಳೀಲಿ. ಅವತ್ತು ನೀರು ಬಿಸಿ ಮಾಡಿರ್ತೀನಿ."